ಗ್ರಾಫ್ ಬರೆಸುವುದು, ಗ್ರಾಫ್ ಓದಿಸುವುದು: ಕರಾವಳಿಯ ಗಣಿತ ಶಿಕ್ಷಕರಿಗೊಂದು ಕೈಪಿಡಿ

ಹತ್ತನೇ ತರಗತಿಯ ಮಕ್ಕಳು ಓಜೀವ್ (ಸಂಚಿತ ಆವೃತ್ತಿಯ ವಕ್ರರೇಖೆ) ಅನ್ನು ಸಲೀಸಾಗಿ ಬಿಡಿಸುತ್ತಾರೆ. ಅದೇ ಮಕ್ಕಳ ಮುಂದೆ ಪತ್ರಿಕೆಯಲ್ಲಿ ಬಂದ ಒಂದು ಸ್ತಂಭ ನಕ್ಷೆ ಇಟ್ಟು ‘ಇದರಲ್ಲಿ ಏನು ಗೊತ್ತಾಗ್ತದೆ?’ ಎಂದು ಕೇಳಿದರೆ ತಡವರಿಸುತ್ತಾರೆ. ಅಂಕಿ ಪಠ್ಯಪುಸ್ತಕದ್ದು, ಸ್ಕೇಲ್ ಪ್ರಶ್ನೆಪತ್ರಿಕೆಯದ್ದು. ಮಗುವಿನ ಪಾಲಿಗೆ ಉಳಿದದ್ದು ಚುಕ್ಕಿ ಇಟ್ಟು ಗೆರೆ ಎಳೆಯುವ ಕೆಲಸ. ನಿರ್ಧಾರಗಳನ್ನೆಲ್ಲ ಬೇರೆಯವರೇ ಮಾಡಿಕೊಟ್ಟ ಮೇಲೆ ಅರ್ಥ ಮಾಡಿಕೊಳ್ಳಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಎಂಟರಿಂದ ಹತ್ತನೇ ತರಗತಿವರೆಗೆ ಒಂದೇ ಕ್ರಮ ಹಿಡಿಯಿರಿ: ಮೊದಲು ಪ್ರಶ್ನೆ, ಆಮೇಲೆ ಅಂಕಿ, ಆಮೇಲೆ ನಕ್ಷೆ, ನಕ್ಷೆಯ ಅಡಿಯಲ್ಲಿ ಎರಡು ವಾಕ್ಯ. ಮೊದಲ ವಾಕ್ಯ ನಕ್ಷೆಯಿಂದ ತಿಳಿದದ್ದನ್ನು ಕನಿಷ್ಠ ಒಂದು ಸಂಖ್ಯೆಯೊಡನೆ ಹೇಳಬೇಕು. ಎರಡನೆಯದು, ಈ ನಕ್ಷೆ ಯಾವುದನ್ನು ಹೇಳುವುದಿಲ್ಲ ಎಂಬುದನ್ನು. ಎರಡು ವಾಕ್ಯ ಇಲ್ಲದ ನಕ್ಷೆಯನ್ನು ಎಷ್ಟೇ ಚೆಂದ ಇದ್ದರೂ ಮುಗಿದ ಕೆಲಸವೆಂದು ಒಪ್ಪಬೇಡಿ.

ಮಳೆಯಿಂದ ಶುರು ಮಾಡಿ

ಶಾಲೆ ತೆರೆಯುವ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ. ಮಂಗಳೂರು, ಉಡುಪಿಯ ಶಾಲೆಗೆ ಇದಕ್ಕಿಂತ ಒಳ್ಳೆಯ ಅಂಕಿ ಬೇರೆಲ್ಲೂ ಸಿಗದು: ದಿನಾ ಬದಲಾಗುತ್ತದೆ, ಎಲ್ಲರ ಕಣ್ಣೆದುರೇ ಇರುತ್ತದೆ, ಖರ್ಚಿಲ್ಲ.

ಬಾಯಿಯ ವ್ಯಾಸ 10 ಸೆಂ.ಮೀ. ಇರುವ ಆಲಿಕೆಯನ್ನು ಒಂದು ಬಾಟಲಿಯ ಮೇಲೆ ಕೂರಿಸಿದರೆ ಮಳೆಮಾಪಕ ಸಿದ್ಧ. ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಆದ್ದರಿಂದ 1 ಮಿ.ಮೀ. ಮಳೆ ಬಿದ್ದರೆ ಬಾಟಲಿಗೆ 7.85 ಮಿ.ಲೀ. ನೀರು ಇಳಿಯುತ್ತದೆ. ಸೇರಿದ ನೀರನ್ನು ಲ್ಯಾಬ್‌ನ ಅಳತೆ ಜಾಡಿಯಲ್ಲಿ ಅಳೆದು 7.85ರಿಂದ ಭಾಗಿಸಿದರೆ ಮಳೆ ಎಷ್ಟು ಮಿ.ಮೀ. ಎಂದು ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಒಂದು ಲೀಟರಿನ ಬಾಟಲಿ ಸುಮಾರು 127 ಮಿ.ಮೀ. ಮಳೆಗೆ ತುಂಬಿ ಹರಿಯುತ್ತದೆ. ಬಯಲುಸೀಮೆಯ ಶಾಲೆಗೆ ಅದು ಧಾರಾಳವಾಗಿ ಸಾಕು, ನಮ್ಮ ಜುಲೈಗೆ ಸಾಲದು. ಬಾಟಲಿ ತುಂಬಿ ಚೆಲ್ಲಿದ ದಿನಗಳೆಲ್ಲ ನಕ್ಷೆಯಲ್ಲಿ 127ರ ಎತ್ತರದಲ್ಲೇ ನಿಂತುಬಿಡುತ್ತವೆ. ‘ಇದಕ್ಕಿಂತ ಹೆಚ್ಚು ಮಳೆ ಬಂದೇ ಇಲ್ಲ’ ಎಂದು ಮಕ್ಕಳು ಓದಿಕೊಳ್ಳುತ್ತಾರೆ. ಎರಡು ಲೀಟರಿನ ಬಾಟಲಿ ಇಡಿ, ಅದು 254 ಮಿ.ಮೀ. ವರೆಗೆ ತಡೆಯುತ್ತದೆ. ಆಲಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ಇಲ್ಲವಾದರೆ ಅಂಗಳದ ನೀರು ಸಿಡಿದು ಒಳಗೆ ಬೀಳುತ್ತದೆ. ಮರದಿಂದ, ಗೋಡೆಯಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇರಲಿ. ತೆಂಗಿನ ಮರದ ಬುಡದಲ್ಲಿಟ್ಟ ಮಾಪಕ ಮಳೆಯ ಬದಲು ಗರಿಯಿಂದ ತೊಟ್ಟಿಕ್ಕಿದ್ದನ್ನು ಅಳೆಯುತ್ತದೆ.

ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಲೆಕ್ಕ ಹಾಕುತ್ತದೆ. ಶಾಲೆಯ ಪಕ್ಕದಲ್ಲೇ ಮನೆಯಿರುವ ಮಕ್ಕಳಿಗೆ ಆ ಹೊತ್ತಿಗೇ ಅಳೆಯಲು ಹೇಳಿದರೆ ಇಲಾಖೆಯ ಅಂಕಿಯೊಡನೆ ಹೋಲಿಸಬಹುದು. ಬೇರೆ ಹೊತ್ತಾದರೂ ಅಡ್ಡಿಯಿಲ್ಲ, ದಿನಾ ಒಂದೇ ಹೊತ್ತಾಗಿರಬೇಕು. ಆದರೆ ಆಗ ಇಲಾಖೆಯ ಅಂಕಿಗೆ ತಾಳೆ ನೋಡಲು ಹೋಗಬೇಡಿ.

ಪಟ್ಟಿಯಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ ಎಂಬುದನ್ನು ಮೊದಲ ದಿನವೇ ಕಲಿಸಿ. ಮಳೆ ಬರಲಿಲ್ಲವಾದರೆ 0. ಅಳೆಯಲಿಲ್ಲವಾದರೆ ಅಡ್ಡಗೆರೆ. ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ರಜೆ ಕೊಟ್ಟ ದಿನವೇ ಅತಿ ಹೆಚ್ಚು ಮಳೆ ಸುರಿದಿರುವ ಸಾಧ್ಯತೆ ಇರುತ್ತದೆ, ಅಂದೇ ಅಳೆಯುವವರು ಇರುವುದಿಲ್ಲ. ಖಾಲಿ ಜಾಗಕ್ಕೆ ಯಾರಾದರೂ 0 ತುಂಬಿದರೆ ತಿಂಗಳ ಅತಿ ದೊಡ್ಡ ಮಳೆಯ ದಿನ ಒಣದಿನವಾಗುತ್ತದೆ. ಮರುದಿನ ಅಳೆದಾಗ ಬಾಟಲಿಯಲ್ಲಿ ಎರಡು ದಿನದ ನೀರಿರುತ್ತದೆ. ಅದನ್ನು ಒಂದೇ ದಿನದ ಲೆಕ್ಕಕ್ಕೆ ಹಾಕದೆ ‘ಎರಡು ದಿನದ ಮೊತ್ತ’ ಎಂದು ಬರೆಸಿ, ನಕ್ಷೆಯಲ್ಲಿ ಆ ಸ್ತಂಭಕ್ಕೆ ಬೇರೆ ಬಣ್ಣ ಕೊಡಿಸಿ. ನಕ್ಷೆಯ ಎರಡನೇ ವಾಕ್ಯಕ್ಕೆ ಇದು ಹೇಳಿ ಮಾಡಿಸಿದ ವಿಷಯ.

ತಿಂಗಳು ಮುಗಿದ ಮೇಲೆ ಇಲಾಖೆಯ ವರ್ಗಗಳ ಪ್ರಕಾರ ದಿನಗಳನ್ನು ಎಣಿಸಲು ಹೇಳಿ: 2.5 ಮಿ.ಮೀ.ಗಿಂತ ಕಡಿಮೆಯಾದರೆ ಅದು ಮಳೆದಿನವೆಂದು ಲೆಕ್ಕವಿಲ್ಲ, 64.5ರಿಂದ 115.5ರವರೆಗೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ, 204.5 ಅಥವಾ ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರೀ. ದಿನದಿನದ ಮಳೆಯ ನಕ್ಷೆ, ಈ ಎಣಿಕೆಯ ನಕ್ಷೆ ಎರಡನ್ನೂ ಬರೆದ ಮೇಲೆ ‘ದಿನದಿನದ ನಕ್ಷೆಯಲ್ಲಿ ಕಾಣುವ ಯಾವುದು ಈ ಎಣಿಕೆಯ ನಕ್ಷೆಯಲ್ಲಿ ಕಾಣುವುದಿಲ್ಲ?’ ಎಂದು ಕೇಳಿ. ಮಳೆ ಒಂದೇ ಸಮನೆ ನಾಲ್ಕು ದಿನ ಹೊಡೆಯಿತೋ, ಬಿಟ್ಟು ಬಿಟ್ಟು ಬಂತೋ ಎಂಬುದು ಎಣಿಕೆಯಲ್ಲಿ ಕಳೆದುಹೋಗಿರುತ್ತದೆ.

ಸ್ಕೇಲ್ ಮಕ್ಕಳೇ ಆರಿಸಲಿ

ಶಾಲೆಯ ಗ್ರಾಫ್ ಹಾಳೆಯಲ್ಲಿ ಸುಮಾರು 18 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರ ಸಿಗುತ್ತದೆ. ತಲೆಬರಹ, ಅಕ್ಷದ ಹೆಸರು, ಅಂಕಿಗಳಿಗೆ ಜಾಗ ಬಿಟ್ಟರೆ ಉಳಿಯುವುದು 16 ಮತ್ತು 20. ಲೆಕ್ಕ ಹೀಗೆ: ಅತಿ ದೊಡ್ಡ ಬೆಲೆಯನ್ನು ಸಿಗುವ ಸೆಂ.ಮೀ.ಗಳಿಂದ ಭಾಗಿಸಿ, ಬಂದ ಉತ್ತರವನ್ನು 1, 2, 5, 10, 20, 50 ಈ ಸಾಲಿನ ಮುಂದಿನ ಸಂಖ್ಯೆಗೆ ಏರಿಸಿ. ಅತಿ ಹೆಚ್ಚು ಮಳೆ 180 ಮಿ.ಮೀ. ಆಗಿದ್ದರೆ 180 ÷ 20 = 9, ಏರಿಸಿದರೆ 10. ಅಂದರೆ 1 ಸೆಂ.ಮೀ.ಗೆ 10 ಮಿ.ಮೀ. ಮಳೆ. ಒಂದು ಸಣ್ಣ ಚೌಕ ಒಂದು ಮಿ.ಮೀ. ಮಳೆಗೆ ಸಮ, ಓದುವುದು ಸುಲಭ.

‘9 ಬಂತಲ್ಲ, ಹಾಳೆ ಪೂರ್ತಿ ತುಂಬುತ್ತದೆ’ ಎಂದು 9ನ್ನೇ ಇಟ್ಟುಕೊಂಡ ಮಗುವಿಗೆ 47 ಮಿ.ಮೀ. ಗುರುತಿಸಲು ಹೇಳಿ. 5.22 ಸೆಂ.ಮೀ. ಎಲ್ಲಿ ಎಂದು ಹುಡುಕುವಾಗ ಅದಕ್ಕೇ ಅರ್ಥವಾಗುತ್ತದೆ. 3, 4, 7ರ ಸ್ಕೇಲ್‌ಗಳಿಗೂ ಇದೇ ತೊಂದರೆ. ಅಡ್ಡ ಅಕ್ಷದಲ್ಲಿ ದಿನಕ್ಕೆ ಅರ್ಧ ಸೆಂ.ಮೀ. ಕೊಟ್ಟರೆ 30 ದಿನ 15 ಸೆಂ.ಮೀ.ಯಲ್ಲಿ ಕೂರುತ್ತದೆ: ಸ್ತಂಭಕ್ಕೆ 3 ಸಣ್ಣ ಚೌಕ, ನಡುವಿನ ಜಾಗಕ್ಕೆ 2.

ಪದೇ ಪದೇ ಕಾಣುವ ಇನ್ನೊಂದು ತಪ್ಪು, ಅಕ್ಷದ ಮೇಲೆ ಸಮಾನ ಅಂತರದಲ್ಲಿ 12, 47, 63, 180 ಎಂದು ಸಿಕ್ಕ ಅಂಕಿಗಳನ್ನೇ ಬರೆದುಬಿಡುವುದು. ಎಲ್ಲ ಸ್ತಂಭಗಳೂ ಮೆಟ್ಟಿಲಿನಂತೆ ಏರಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ತಿದ್ದಲು ಬೈಗುಳ ಬೇಡ. ಅದೇ ಅಕ್ಷದ ಮೇಲೆ 100 ಎಲ್ಲಿ ಬರುತ್ತದೆ ಎಂದು ಕೇಳಿದರೆ ಸಾಕು.

ಎರಡು ಜಿಲ್ಲೆ, ಎರಡು ನಕ್ಷೆ

ಸೊನ್ನೆಯಿಂದ ಶುರುವಾಗದ ಅಕ್ಷ ಏನು ಮಾಡುತ್ತದೆ ಎಂಬುದನ್ನು ತೋರಿಸಲು 2011ರ ಜನಗಣತಿಯ ಎರಡು ಸಂಖ್ಯೆ ಸಾಕು. ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ. 88.57, ಉಡುಪಿಯಲ್ಲಿ ಶೇ. 86.24. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು 0ಯಿಂದ ಶುರು ಮಾಡಿ 1 ಸೆಂ.ಮೀ.ಗೆ ಶೇ. 5ರಂತೆ ಬರೆಯಲಿ. ಸ್ತಂಭಗಳು 17.7 ಮತ್ತು 17.2 ಸೆಂ.ಮೀ. ಎತ್ತರ ಬರುತ್ತವೆ, ಹೆಚ್ಚುಕಡಿಮೆ ಒಂದೇ. ಇನ್ನೊಂದು ಗುಂಪು 85ರಿಂದ ಶುರು ಮಾಡಿ 1 ಸೆಂ.ಮೀ.ಗೆ ಶೇ. 0.5ರಂತೆ ಬರೆಯಲಿ. ಈಗ 7.1 ಮತ್ತು 2.5 ಸೆಂ.ಮೀ. ದಕ್ಷಿಣ ಕನ್ನಡದ ಸ್ತಂಭ ಉಡುಪಿಯದರ ಮೂರು ಪಟ್ಟಿಗೆ ಹತ್ತಿರ. ಎರಡರಲ್ಲೂ ಅಂಕಿ ಸರಿ, ಗುರುತಿಸಿದ್ದೂ ಸರಿ. ಎರಡನ್ನೂ ಗೋಡೆಗೆ ಅಂಟಿಸಿ, ಅಂಕಿಗಳನ್ನು ಕಾಗದದಿಂದ ಮುಚ್ಚಿ, ಪಕ್ಕದ ತರಗತಿಯ ಮಕ್ಕಳನ್ನು ಕರೆದು ಏನನಿಸುತ್ತದೆ ಎಂದು ಕೇಳಿಸಿ.

ಸ್ತಂಭದ ಉದ್ದವೇ ಬೆಲೆಯನ್ನು ಹೇಳುವುದರಿಂದ ಬುಡ ಕತ್ತರಿಸಿದರೆ ಹೋಲಿಕೆಯೇ ಕೆಡುತ್ತದೆ. ಸ್ತಂಭ ನಕ್ಷೆ ಸೊನ್ನೆಯಿಂದಲೇ ಶುರುವಾಗಲಿ. ರೇಖಾ ನಕ್ಷೆಗೆ ಈ ನಿಯಮ ಅಷ್ಟು ಬಿಗಿಯಲ್ಲ. ಮಂಗಳೂರಿನ ಗರಿಷ್ಠ ಉಷ್ಣಾಂಶದ ತಿಂಗಳ ಸರಾಸರಿ ಜುಲೈಯಲ್ಲಿ 29 ಡಿಗ್ರಿಯ ಆಸುಪಾಸು, ಬೇಸಿಗೆಯಲ್ಲಿ 33–34. ಸೊನ್ನೆಯಿಂದ ಬರೆದರೆ ಗೆರೆ ಚಪ್ಪಟೆಯಾಗಿ ಏರಿಳಿತವೇ ಕಾಣದು. 25ರಿಂದ ಶುರು ಮಾಡಿ ಅಕ್ಷದ ಬುಡದಲ್ಲಿ ಕಿಂಕ್ ಗುರುತು (ನಡುವಿನ ಅಂಕಿ ಬಿಟ್ಟಿದೆ ಎಂದು ತೋರಿಸುವ ಅಂಕುಡೊಂಕು ಗೆರೆ) ಹಾಕಿಸಿ. ಆ ಗುರುತನ್ನು ಮಕ್ಕಳು ಅಲಂಕಾರವೆಂದು ತಿಳಿದು ಎಲ್ಲ ನಕ್ಷೆಗೂ ಹಾಕುತ್ತಾರೆ. ಅಂಕಿಗಳನ್ನು ನಿಜವಾಗಿ ಬಿಟ್ಟಿದ್ದರೆ ಮಾತ್ರ ಅದು ಬೇಕು.

ಇದೇ ಜನಗಣತಿಯಲ್ಲಿ ಇನ್ನೂ ಎರಡು ಪಾಠಗಳಿವೆ. ದಕ್ಷಿಣ ಕನ್ನಡದ ಜನಸಂಖ್ಯೆ 20,89,649, ಉಡುಪಿಯದು 11,77,361. ಸಾಕ್ಷರರೆಷ್ಟು ಎಂದು ಕೇಳಿದರೆ ಮಕ್ಕಳು ಜನಸಂಖ್ಯೆಯನ್ನು ನೇರವಾಗಿ ಶೇಕಡಾದಿಂದ ಗುಣಿಸುತ್ತಾರೆ. ಸಾಕ್ಷರತೆಯ ಪ್ರಮಾಣವನ್ನು 7 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಲೆಕ್ಕ ಹಾಕಿರುವುದರಿಂದ ಆ ಉತ್ತರ ತಪ್ಪು. ‘ಯಾವುದರ ಶೇಕಡಾ?’ ಎಂಬ ಪ್ರಶ್ನೆ ಪ್ರತಿ ನಕ್ಷೆಗೂ ಬರಲಿ. ಎರಡನೆಯದು ಲಿಂಗಾನುಪಾತ: ಸಾವಿರ ಗಂಡಸರಿಗೆ ಉಡುಪಿಯಲ್ಲಿ 1094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1020, ರಾಜ್ಯದಲ್ಲಿ 973. ನಕ್ಷೆ ನೋಡಿದ ತಕ್ಷಣ ಮಕ್ಕಳು ಗಂಡಸರು ಮುಂಬೈಗೋ ಗಲ್ಫ್‌ಗೋ ಹೋಗಿರುವ ಕಾರಣ ಕೊಡುತ್ತಾರೆ. ಯೋಚನೆ ಚೆನ್ನಾಗಿದೆ, ಹೊಗಳಿ. ಆದರೆ ಅದು ನಕ್ಷೆಯಲ್ಲಿ ಇಲ್ಲ, ಮನೆಯಲ್ಲಿ ಕೇಳಿ ತಿಳಿದದ್ದು. ಅದನ್ನು ಖಚಿತಪಡಿಸಲು ಯಾವ ಅಂಕಿ ಬೇಕಾಗುತ್ತದೆ ಎಂದು ಬರೆಸಿದರೆ ಎರಡನೇ ವಾಕ್ಯ ತಾನಾಗಿ ಬರುತ್ತದೆ.

ಪೈ ನಕ್ಷೆ, ಚಿತ್ರ ನಕ್ಷೆ

40 ಮಕ್ಕಳ ತರಗತಿಯಾದರೆ ಪೈ ನಕ್ಷೆಯ ಲೆಕ್ಕ ಹಗುರ, ಒಬ್ಬರಿಗೆ 9 ಡಿಗ್ರಿ. ಅಭ್ಯಾಸಕ್ಕೆ ಈ ಅಂಕಿ ಕೊಡಿ: ಬಸ್ಸಿನಲ್ಲಿ ಬರುವವರು 18, ನಡೆದು ಬರುವವರು 9, ಶಾಲಾ ವ್ಯಾನ್ 8, ಮನೆಯವರ ದ್ವಿಚಕ್ರ ವಾಹನ 5. ಕೋನಗಳು 162, 81, 72, 45, ಮೊತ್ತ 360. ಕೋನಮಾಪಕ ಇಡುವಾಗ ಬಹಳ ಮಂದಿ ಪ್ರತಿ ಕೋನವನ್ನೂ ಮೊದಲ ತ್ರಿಜ್ಯದಿಂದಲೇ ಅಳೆಯುತ್ತಾರೆ, ಆಗ ಭಾಗಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಕೋನ ಬರೆದಾದ ಮೇಲೆ ಹೊಸ ತ್ರಿಜ್ಯದ ಮೇಲೆ ಕೋನಮಾಪಕವನ್ನು ತಿರುಗಿಸಿ ಇಡಬೇಕು. ದೊಡ್ಡ ಭಾಗದಿಂದ ಶುರು ಮಾಡಿಸಿ. ಕೊನೆಯ ಭಾಗವನ್ನು ಬರೆಯದೆ ಉಳಿದದ್ದನ್ನು ಅಳೆದು ನೋಡಲಿ. 45 ಬರದಿದ್ದರೆ ಎಲ್ಲೋ ಜಾರಿದೆ. 37 ಮಕ್ಕಳಿದ್ದರೆ ಕೋನಗಳು ದಶಮಾಂಶದಲ್ಲಿ ಬರುತ್ತವೆ, ಪೂರ್ಣಾಂಕ ಮಾಡಿದಾಗ ಮೊತ್ತ 359 ಅಥವಾ 361 ಆದರೆ ವ್ಯತ್ಯಾಸವನ್ನು ಅತಿ ದೊಡ್ಡ ಭಾಗಕ್ಕೆ ಸೇರಿಸಿ. ಅಲ್ಲಿ ಅದು ಕಣ್ಣಿಗೆ ಬೀಳದು.

ಪೈ ನಕ್ಷೆ ಕೈಕೊಡುವ ಜಾಗ ನಮ್ಮ ಊರಿನಲ್ಲಿ ಸುಲಭವಾಗಿ ಸಿಗುತ್ತದೆ. ‘ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?’ ಎಂದು ಕೇಳಿಸಿ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ. ಒಂದೇ ಮಗು ಎರಡು ಮೂರಕ್ಕೆ ಕೈ ಎತ್ತುತ್ತದೆ. 40 ಮಕ್ಕಳಿಂದ 70 ಉತ್ತರ ಬಂದರೆ ಶೇಕಡಾಗಳ ಮೊತ್ತ ನೂರನ್ನು ದಾಟುತ್ತದೆ, ವೃತ್ತದಲ್ಲಿ ಹಿಡಿಸುವುದಿಲ್ಲ. ದಯವಿಟ್ಟು ‘ಒಂದೇ ಭಾಷೆ ಹೇಳು’ ಎಂದು ಮಕ್ಕಳನ್ನು ಒತ್ತಾಯಿಸಬೇಡಿ. ನಕ್ಷೆಗಾಗಿ ಅಂಕಿಯನ್ನು ತಿರುಚಿದಂತಾಗುತ್ತದೆ. ನಕ್ಷೆಯ ಬಗೆ ಬದಲಾಗಲಿ: ಸ್ತಂಭ ನಕ್ಷೆಯಲ್ಲಿ ಪ್ರತಿ ಭಾಷೆಗೆ ಒಂದು ಸ್ತಂಭ, ಕೆಳಗೆ ‘ಒಬ್ಬರು ಒಂದಕ್ಕಿಂತ ಹೆಚ್ಚು ಭಾಷೆ ಹೇಳಿರಬಹುದು’ ಎಂಬ ಟಿಪ್ಪಣಿ.

ಚಿತ್ರ ನಕ್ಷೆಯ ಬಗ್ಗೆ ಒಂದೇ ಮಾತು. ಬಂಗುಡೆಯ ಎರಡು ಪಟ್ಟು ಬೂತಾಯಿ ಎಂದು ತೋರಿಸಲು ಎರಡು ಪಟ್ಟು ಉದ್ದದ ಮೀನು ಬರೆದರೆ ಅಗಲವೂ ಇಮ್ಮಡಿಯಾಗಿ ನಾಲ್ಕು ಪಟ್ಟಿನಂತೆ ಕಾಣುತ್ತದೆ. ಒಂದೇ ಅಳತೆಯ ಎರಡು ಮೀನು ಬರೆಸಿ.

ಹಿಸ್ಟೋಗ್ರಾಂಗೆ ಹೆಚ್ಚು ಸಮಯ ಕೊಡಿ

ಹಿಸ್ಟೋಗ್ರಾಂನಲ್ಲಿ, ಅಂದರೆ 0–10, 10–20 ಹೀಗೆ ಸಾಲಾಗಿ ವಿಂಗಡಿಸಿದ ಅಂಕಿಗಳ ಸ್ತಂಭ ನಕ್ಷೆಯಲ್ಲಿ, ಸ್ತಂಭಗಳ ನಡುವೆ ಜಾಗ ಬಿಡಬಾರದು ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಯಾಕೆ ಎಂಬುದು ಬೇಕು. ಬಸ್ಸು, ವ್ಯಾನ್, ನಡಿಗೆ ಬೇರೆ ಬೇರೆ ಹೆಸರುಗಳು. ಯಾವುದನ್ನು ಮೊದಲು ಬರೆದರೂ ನಡೆಯುತ್ತದೆ. ಶಾಲೆಗೆ ಬರಲು ಹಿಡಿಯುವ ನಿಮಿಷಗಳು ಹಾಗಲ್ಲ, 10ರ ನಂತರ 11 ಬರಲೇಬೇಕು, ನಡುವೆ ಕಂದಕವಿಲ್ಲ. ಪರೀಕ್ಷಿಸಲು ‘ಸಿಟಿ ಬಸ್ಸಿನ ರೂಟ್ ನಂಬರ್‌ಗಳಿಗೆ ಯಾವ ನಕ್ಷೆ?’ ಎಂದು ಕೇಳಿ. ಅಂಕಿ ಕಂಡ ಕೂಡಲೇ ಹಿಸ್ಟೋಗ್ರಾಂ ಎನ್ನುವವರು ಇರುತ್ತಾರೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸುಗಳ ನಂಬರಿನ ಸರಾಸರಿ ತೆಗೆದರೆ ಯಾವ ಊರಿಗೆ ಹೋಗುತ್ತದೆ ಎಂದು ಕೇಳಿದರೆ, ನಂಬರ್ ಇಲ್ಲಿ ಬರೀ ಹೆಸರು ಎಂಬುದು ಹೊಳೆಯುತ್ತದೆ.

ಪ್ರಯಾಣದ ಸಮಯವನ್ನು ನೆನಪಿನಿಂದ ಹೇಳಿಸಿದರೆ ಎಲ್ಲರೂ 10, 15, 20, 30 ಎನ್ನುತ್ತಾರೆ. ವರ್ಗಾಂತರ 10–20, 20–30 ಇದ್ದರೆ 18 ನಿಮಿಷಕ್ಕೆ ‘20’ ಎಂದ ಮಗು ಮೇಲಿನ ವರ್ಗಕ್ಕೆ ಹಾರುತ್ತದೆ, ನಕ್ಷೆಯೇ ಬಲಕ್ಕೆ ಸರಿಯುತ್ತದೆ. ಮನೆ ಬಿಟ್ಟ ಸಮಯ, ಗೇಟು ದಾಟಿದ ಸಮಯ ಎರಡನ್ನೂ ಬರೆದು ಕಳೆಯಲು ಹೇಳಿ. ಸರಿಯಾಗಿ 20 ಬಂದರೆ ಅದು 20–30ಕ್ಕೆ ಸೇರುತ್ತದೆ ಎಂಬ ನಿಯಮವನ್ನು ತಾಳೆ ಗುರುತು ಹಾಕುವ ಮೊದಲೇ ಬೋರ್ಡಿನಲ್ಲಿ ಬರೆಯಿರಿ. ತಾಳೆ ಮುಗಿದ ಮೇಲೆ ಮೊತ್ತ 40 ಬರದಿದ್ದರೆ ಮುಂದೆ ಹೋಗಬಾರದು.

ಮಕ್ಕಳು ನಿಜವಾಗಿ ಎಡವುವುದು ವರ್ಗಾಂತರಗಳು ಅಸಮವಾಗಿರುವಾಗ. ಅಭ್ಯಾಸದ ಅಂಕಿ: 0–10 ನಿಮಿಷ 6 ಮಂದಿ, 10–20 12 ಮಂದಿ, 20–30 10 ಮಂದಿ, 30–60 12 ಮಂದಿ. ಹಾಗೆಯೇ ಬರೆದರೆ ಕೊನೆಯ ಸ್ತಂಭ 12ರ ಎತ್ತರದಲ್ಲಿ ಮೂರು ಪಟ್ಟು ಅಗಲವಾಗಿ ನಿಲ್ಲುತ್ತದೆ; ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ದೂರದಿಂದ ಬರುವಂತೆ ಕಾಣುತ್ತದೆ. ಹಿಸ್ಟೋಗ್ರಾಂನಲ್ಲಿ ಮಾತಾಡುವುದು ವಿಸ್ತೀರ್ಣ. ಆವೃತ್ತಿಯನ್ನು (ಆ ವರ್ಗದಲ್ಲಿರುವ ಮಂದಿಯ ಸಂಖ್ಯೆಯನ್ನು) ಅಗಲದಿಂದ ಭಾಗಿಸಿ ಅತಿ ಚಿಕ್ಕ ಅಗಲದಿಂದ ಗುಣಿಸಿ: 12 ÷ 30 × 10 = 4. ಎತ್ತರಗಳು 6, 12, 10, 4. ಸೂತ್ರ ಕೊಡುವ ಮೊದಲು 40 ಚೌಕ ಕಾಗದದ ತುಂಡುಗಳನ್ನು ಕೊಟ್ಟು, ಒಂದು ತುಂಡು ಒಬ್ಬ ವಿದ್ಯಾರ್ಥಿಯೆಂದು, 10 ನಿಮಿಷಕ್ಕೆ ಒಂದು ಕಂಬದಂತೆ ಪೇರಿಸಲು ಹೇಳಿ. ಕೊನೆಯ 12 ತುಂಡುಗಳನ್ನು ಮೂರು ಕಂಬಗಳಿಗೆ ಹಂಚಿದಾಗ ತಲಾ 4 ಎಂಬುದು ಕೈಗೇ ಸಿಗುತ್ತದೆ.

ಇವೇ ಅಂಕಿಗಳಿಂದ ಓಜೀವ್ ಬರೆಸಿ. ಬಿಂದುಗಳು (10, 6), (20, 18), (30, 28), (60, 40). ಶುರು (0, 0)ದಿಂದ. ಬಿಂದುವನ್ನು ವರ್ಗದ ಮಧ್ಯಬಿಂದುವಿನ ಮೇಲೆ ಇಡುವುದು ಇಲ್ಲಿನ ಮಾಮೂಲಿ ತಪ್ಪು. ‘20 ನಿಮಿಷಕ್ಕಿಂತ ಕಡಿಮೆ ಎಷ್ಟು ಮಂದಿ?’ ಎಂದು ಜೋರಾಗಿ ಓದಿಸಿ ಇಡಿಸಿದರೆ ತಪ್ಪುವುದಿಲ್ಲ. ಮಧ್ಯಾಂಕಕ್ಕೆ (ಸಾಲಿನ ನಟ್ಟನಡುವಿನ ಬೆಲೆಗೆ) ವೈ ಅಕ್ಷದ 20ರಿಂದ, ಅಂದರೆ 40ರ ಅರ್ಧದಿಂದ, ಅಡ್ಡಗೆರೆ, ಅದು ವಕ್ರರೇಖೆಯನ್ನು ಮುಟ್ಟಿದಲ್ಲಿಂದ ಕೆಳಗೆ. ಸುಮಾರು 22 ನಿಮಿಷ ಬರಬೇಕು. 20 ಮತ್ತು 30ರ ನಡುವೆ 10 ಮಂದಿ, ಬೇಕಾದದ್ದು ಅದರಲ್ಲಿ 2 ಎಂಬ ಲೆಕ್ಕವೂ 22ನ್ನೇ ಕೊಡುತ್ತದೆ. ಕೆಳಗೆ ಬರೆಯುವ ವಾಕ್ಯ ‘ಮಧ್ಯಾಂಕ 22’ ಎಂದು ನಿಲ್ಲಬಾರದು. ‘ಅರ್ಧದಷ್ಟು ಮಕ್ಕಳು ಸುಮಾರು 22 ನಿಮಿಷದೊಳಗೆ ಶಾಲೆ ತಲುಪುತ್ತಾರೆ’ ಎಂದಿರಲಿ.

ಓದಿಸುವಾಗ ಕೇಳಬೇಕಾದ ಪ್ರಶ್ನೆ

ಗಣಿತ ಶಿಕ್ಷಣದ ಸಂಶೋಧಕಿ ಫ್ರಾನ್ಸಿಸ್ ಕರ್ಸಿಯೊ 1987ರಲ್ಲಿ ನಕ್ಷೆ ಓದುವುದರಲ್ಲಿ ಮೂರು ಹಂತ ಗುರುತಿಸಿದರು: ನಕ್ಷೆಯಲ್ಲಿ ಇರುವುದನ್ನು ಓದುವುದು, ಅಂಕಿಗಳ ನಡುವಿನ ಸಂಬಂಧ ಓದುವುದು, ಅಂಕಿಗಳಾಚೆಗೆ ಓದುವುದು. ನಮ್ಮ ಪ್ರಶ್ನೆಗಳು ಹೆಚ್ಚಾಗಿ ಮೊದಲ ಹಂತದಲ್ಲೇ ಮುಗಿಯುತ್ತವೆ. ಯಾಂತ್ರಿಕ ದೋಣಿಗಳು ಹಿಡಿದ ಮೀನಿನ ತಿಂಗಳವಾರು ನಕ್ಷೆಯನ್ನು ಊಹಿಸಿ ಬೋರ್ಡಿನಲ್ಲಿ ಬರೆದರೆ ಮೂರೂ ಹಂತ ಬರುತ್ತವೆ. ಅತಿ ಕಡಿಮೆ ಯಾವಾಗ? ಜೂನ್, ಜುಲೈ. ಮೇಗಿಂತ ಎಷ್ಟು ಕುಸಿದಿದೆ? ಕಳೆದು ಹೇಳಬಹುದು. ಆಗ ಸಮುದ್ರದಲ್ಲಿ ಮೀನು ಕಡಿಮೆಯೇ? ಮಲ್ಪೆಯ ಅಥವಾ ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಕಡೆಯ ಮಕ್ಕಳು ತಕ್ಷಣ ಉತ್ತರಿಸುತ್ತಾರೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನಾಡದೋಣಿಗಳು ಮಾತ್ರ ಹೋಗುತ್ತವೆ. ನಕ್ಷೆ ತೋರಿಸುವುದು ದಡಕ್ಕೆ ಬಂದ ಮೀನು, ಕಡಲಿನಲ್ಲಿರುವ ಮೀನಲ್ಲ. ಒಳನಾಡಿನ ಮಕ್ಕಳಿಗೆ ಈ ಮಾಹಿತಿ ಗೊತ್ತಿಲ್ಲದಿರಬಹುದು, ಅವರಿಗೆ ಮೊದಲೇ ಹೇಳಬೇಡಿ. ನಕ್ಷೆಯಿಂದಲೇ ಏನೋ ಅಸಹಜವಿದೆ ಎಂದು ಅನುಮಾನ ಹುಟ್ಟಲಿ.

ಕಂಪ್ಯೂಟರಿನಲ್ಲಿ ಇದನ್ನೇ ಮಾಡಿಸುವಾಗ ಆ ಎರಡು ತಿಂಗಳ ಕೋಶ ಖಾಲಿ ಬಿಟ್ಟು, ಖಾಲಿ ಕೋಶವನ್ನು ಗೆರೆಯಿಂದ ಜೋಡಿಸುವ ಆಯ್ಕೆ ಕೊಟ್ಟರೆ ಮೇಯಿಂದ ಆಗಸ್ಟ್‌ಗೆ ನೇರ ಗೆರೆ ಬೀಳುತ್ತದೆ, ನಿಷೇಧದ ಕಾಲದಲ್ಲೂ ಮೀನು ಬಂದಂತೆ. ಸ್ಪ್ರೆಡ್‌ಶೀಟ್‌ನ ‘ಕಾಲಂ ಚಾರ್ಟ್’ ಕೂಡ ಹಿಸ್ಟೋಗ್ರಾಂ ಅಲ್ಲ. ಅಸಮ ವರ್ಗಗಳಿಗೂ ಸಮಾನ ಅಗಲದ ಸ್ತಂಭವನ್ನೇ ಕೊಡುತ್ತದೆ. ಕೈಯಲ್ಲಿ ಬರೆದು ಕಲಿತ ಮೇಲೆಯೇ ಕಂಪ್ಯೂಟರ್ ಮುಟ್ಟಲಿ.

ಅಂಕ ಕೊಡುವಾಗ 10ರಲ್ಲಿ ಹೀಗೆ ಹಂಚಬಹುದು: ಪ್ರಶ್ನೆ ಮತ್ತು ಮೂಲ ಅಂಕಿಪಟ್ಟಿಗೆ 2, ನಕ್ಷೆಯ ಬಗೆ ಆರಿಸಿ ಕಾರಣ ಕೊಟ್ಟದ್ದಕ್ಕೆ 1, ಸ್ಕೇಲ್ ಮತ್ತು ಅಕ್ಷದ ಹೆಸರಿಗೆ 2, ಗುರುತಿಸಿದ್ದಕ್ಕೆ 2, ವಾಕ್ಯಗಳಿಗೆ 3. ಅಂಕ ಹಾಕುವ ಮುನ್ನ ಗುಂಪುಗಳು ನಕ್ಷೆ ಅದಲುಬದಲು ಮಾಡಿಕೊಳ್ಳಲಿ, ಅಡಿಯ ವಾಕ್ಯಗಳನ್ನು ಒಳಕ್ಕೆ ಮಡಚಿಟ್ಟು. ಪಡೆದ ಗುಂಪು ತಾನು ಓದಿದ್ದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಮಡಿಕೆ ಬಿಡಿಸಿದಾಗ ಎರಡು ವಾಕ್ಯ ಹೊಂದದಿದ್ದರೆ, ತಪ್ಪಿದ್ದು ಓದಿದವರದೋ ಬರೆದವರದೋ ಎಂದು ಎರಡೂ ಗುಂಪು ಕೂತು ಹುಡುಕಲಿ. ಬರೆದವರದಾದರೆ ಹೊಸ ಹಾಳೆ ಕೊಟ್ಟು ಇನ್ನೊಮ್ಮೆ ಬರೆಸಿ, ಅಂಕವನ್ನು ಆ ಎರಡನೇ ಪ್ರತಿಗೆ ಕೊಡಿ.